ಮೋಟಾರು ಬಂಡಿಯ ಕಾವು

ರಾಯಚೂರು ಜಿಲ್ಲೆಯ ತುರ್ವಿಹಾಳದ ಸೀಮೆಯಲ್ಲಿ ಕಾರು ನಡೆಯಿಸುವವರಿಗೆ ಬೇಸಿಗೆಯೆಂಬುದು ಒಂದು ಪರೀಕ್ಷೆಯೇ ಸರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ ಗಾಳಿಯ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ತುಂಗಭದ್ರೆಯ ಎಡದಂಡೆ ನಾಲೆಯ ನೀರಿನಿಂದ ಬೆಳೆದ ಬೇಸಿಗೆ ಬತ್ತದ ಕೊಯ್ಲೂ ಆ ದಿನಗಳಲ್ಲಿಯೇ ಬರುತ್ತದೆ. ಹುಲ್ಲು ಹೇರಿದ ಟ್ರ್ಯಾಕ್ಟರುಗಳೂ ಚೀಲ ತುಂಬಿದ ಲಾರಿಗಳೂ ಸಿಂಧನೂರಿನ ದಾರಿಯಲ್ಲಿ ಸಾಲುಗಟ್ಟುತ್ತವೆ. ಅವುಗಳ ಹಿಂದೆ ಮಂದಗತಿಯಲ್ಲಿ ಸಾಗುತ್ತಿರುವ ಕಾರಿನ ಉಷ್ಣಮಾಪಕದ ಮುಳ್ಳು ಮೆಲ್ಲಮೆಲ್ಲನೆ ಏರಿ ಕೆಂಪು ಗೆರೆಯನ್ನು ಮುಟ್ಟಿತೆಂದು ಭಾವಿಸೋಣ. ಇಂಜಿನು ನಿಜವಾಗಿಯೂ ಕಾದಿದೆಯೆ, ಅಥವಾ ಮುಳ್ಳು ಸುಳ್ಳು ಹೇಳುತ್ತಿದೆಯೆ? ಕಾದುದು ನಿಜವಾದರೆ ತಪ್ಪು ಫ್ಯಾನಿನದೋ, ಇನ್ನಾವುದರದೋ? ಈ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳದವನು ಮೊದಲು ಸೆನ್ಸರು, ಬಳಿಕ ಫ್ಯಾನು, ಕೊನೆಗೆ ರೇಡಿಯೇಟರು ಎಂದು ಒಂದೊಂದನ್ನೇ ಬದಲಾಯಿಸಿ, ಹಣ ತೆತ್ತು, ಅದೇ ಕಾವಿನೊಡನೆ ಮನೆಗೆ ಹಿಂದಿರುಗುವುದುಂಟು.

ಇಂಧನದಲ್ಲಿ ಅಡಗಿರುವ ಶಕ್ತಿಯೆಲ್ಲವೂ ಚಕ್ರಗಳಿಗೆ ತಲಪುವುದಿಲ್ಲ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಸುಮಾರು ಅಷ್ಟೇ ಪಾಲು ಇಂಜಿನಿನ ಗೋಡೆಗಳೊಳಗೆ ಹರಿಯುವ ನೀರಿಗೆ ಸೇರುತ್ತದೆ. ಈ ನೀರನ್ನು ಪಂಪು ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿನ ಸಣ್ಣ ಕೊಳವೆಗಳ ನಡುವೆ ಗಾಳಿಯು ನುಸುಳಿ ಕಾವನ್ನು ಒಯ್ಯುತ್ತದೆ. ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ದ್ವಾರಪಾಲಕನಿದ್ದಾನೆ. ಅವನ ಹೊಟ್ಟೆಯಲ್ಲಿರುವ ಮೇಣವು ೮೦-೯೦ ಡಿಗ್ರಿಯ ಸುಮಾರಿಗೆ ಕರಗಿ ಹಿಗ್ಗಿದಾಗಲೇ ಬಾಗಿಲು ತೆರೆಯುವುದು. ಅಡುಗೆಮನೆಯ ಕುಕ್ಕರಿನಂತೆ ರೇಡಿಯೇಟರಿನ ಮುಚ್ಚಳವೂ ಒತ್ತಡವನ್ನು ಹಿಡಿದಿಡುವುದರಿಂದ ನೀರು ೧೦೦ ಡಿಗ್ರಿಗೆ ಕುದಿಯದೆ ೧೨೦ರ ಹತ್ತಿರದವರೆಗೂ ತಾಳಿಕೊಳ್ಳುತ್ತದೆ.

ಮೊದಮೊದಲ ಮೋಟಾರುಗಳಲ್ಲಿ ಈ ಏರ್ಪಾಡು ಬಹು ಸರಳವಾಗಿದ್ದಿತು. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಬಂಡಿಗಳಲ್ಲಿ, ತೀರ ಮೊದಲಿನ ಕೆಲವನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತಿತ್ತು. ಆ ಕಾಲದ ಅನೇಕ ಬಂಡಿಗಳ ಮೂತಿಯ ಮೇಲೆ, ರೇಡಿಯೇಟರಿನ ಮುಚ್ಚಳದಲ್ಲಿಯೇ, ಬಾಯ್ಸ್ ಮೋಟೋಮೀಟರ್ ಎಂಬ ಗಾಜಿನ ಉಷ್ಣಮಾಪಕ ನಿಂತಿರುತ್ತಿತ್ತು. ಅದು ಅಳೆಯುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಣ ಆವಿಯನ್ನು. ಉಷ್ಣಮಾಪಕವು ತನ್ನನ್ನು ಮುಟ್ಟಿದ ವಸ್ತುವಿನ ಸುದ್ದಿಯನ್ನು ಮಾತ್ರ ಹೇಳಬಲ್ಲುದು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ. ಅಂಬಾಸಡರ್ ಕಾರಿನಲ್ಲಿ ಫ್ಯಾನನ್ನು ಇಂಜಿನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. ಬೆಲ್ಟು ಬಿಗಿಯಾಗಿದ್ದರೆ ಫ್ಯಾನಿನ ವಿಷಯದಲ್ಲಿ ಚಿಂತೆಯಿಲ್ಲ. ೧೯೮೩ರಲ್ಲಿ ಬಂದ ಮಾರುತಿ ೮೦೦ರಂಥ ಕಾರುಗಳಲ್ಲಿ ಇಂಜಿನನ್ನು ಅಡ್ಡಲಾಗಿ ಕೂರಿಸಿದುದರಿಂದ ಅದರ ದಂಡದ ತುದಿ ರೇಡಿಯೇಟರಿನ ಕಡೆಗೆ ಮುಖಮಾಡಲಿಲ್ಲ. ಫ್ಯಾನಿಗೆ ಬೇರೆಯೇ ವಿದ್ಯುತ್ ಮೋಟಾರನ್ನು ಒದಗಿಸಬೇಕಾಯಿತು. ಮೋಟಾರಿನ ಜೊತೆಗೆ ತಂತಿ, ಫ್ಯೂಸು, ರಿಲೇ, ಸೆನ್ಸರು ಇವೂ ಬಂದವು. ಅನುಕೂಲ ಹೆಚ್ಚಿತು, ಕೆಡುವ ಸ್ಥಳಗಳೂ ಹೆಚ್ಚಿದವು.

ರೋಗವನ್ನು ಗುರುತಿಸುವ ಮೊದಲನೆಯ ಉಪಾಯಕ್ಕೆ ಯಾವ ಉಪಕರಣವೂ ಬೇಡ. ಓಡುವ ಬಂಡಿಗೆ ಎದುರುಗಾಳಿಯೇ ಬೀಸಣಿಗೆ. ವೇಗವಾಗಿ ಹೋಗುವಾಗ ಫ್ಯಾನಿನ ಅಗತ್ಯ ಅಷ್ಟಾಗಿ ಬೀಳದು. ಆದುದರಿಂದ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ ಏರಿದ ಮುಳ್ಳು, ಬಯಲು ದಾರಿ ಸಿಕ್ಕಿ ವೇಗ ಹೆಚ್ಚಿದಾಗ ಇಳಿದರೆ ಸಂದೇಹವು ಫ್ಯಾನಿನ ಕಡೆಗೆ ತಿರುಗಬೇಕು. ನಿಂತಾಗ ಸುಮ್ಮನಿದ್ದು ವೇಗದಲ್ಲಿ ಏರುವುದಾದರೆ ಫ್ಯಾನು ಬಹುಮಟ್ಟಿಗೆ ನಿರಪರಾಧಿ. ಆಗ ನೀರಿನ ಮಟ್ಟ, ಪಂಪು, ಥರ್ಮೋಸ್ಟಾಟ್, ರೇಡಿಯೇಟರು ಇವನ್ನು ನೋಡಬೇಕು. ಇಂಜಿನಿನ ಕಡೆಯ ಕೊಳವೆ ಸುಡುತ್ತಿದ್ದು ರೇಡಿಯೇಟರಿನಿಂದ ಹಿಂದಿರುಗುವ ಕೊಳವೆ ತಣ್ಣಗಿದ್ದರೆ ದ್ವಾರಪಾಲಕನು ಬಾಗಿಲು ತೆರೆದಿಲ್ಲವೆಂದು ಶಂಕಿಸಬಹುದು.

ಬತ್ತದ ಸೀಮೆಯಲ್ಲಿ ರೇಡಿಯೇಟರನ್ನು ಎಚ್ಚರದಿಂದ ಪರೀಕ್ಷಿಸಬೇಕು. ಹವಾನಿಯಂತ್ರಣವಿರುವ ಕಾರುಗಳಲ್ಲಿ ಅದರ ಮುಂದೆ ಏಸಿಯ ಕಂಡೆನ್ಸರು ನಿಂತಿರುತ್ತದೆ. ಹೊಟ್ಟು, ಹುಲ್ಲಿನ ಚೂರು, ಧೂಳು ಇವು ಈ ಎರಡರ ನಡುವಣ ಸಂದಿನಲ್ಲಿ ಸೇರಿ ಮೆತ್ತೆಯಂತೆ ಗಟ್ಟಿಯಾಗುತ್ತವೆ. ಹೊರಗಿನಿಂದ ನೋಡಿದವನಿಗೆ ಎಲ್ಲವೂ ಶುಭ್ರವಾಗಿ ಕಾಣುತ್ತದೆ. ಇಂಜಿನು ತಣಿದ ಮೇಲೆ ಒಳಗಡೆಯಿಂದ ಹೊರಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ರಭಸದ ಧಾರೆಯಿಂದ ತೆಳ್ಳನೆಯ ರೆಕ್ಕೆಗಳು ಬಾಗಿ ಗಾಳಿಯ ದಾರಿ ಮತ್ತಷ್ಟು ಮುಚ್ಚುತ್ತದೆ. ಕೊಳವೆಬಾವಿಯ ಗಡಸು ನೀರನ್ನು ತುಂಬುವ ಅಭ್ಯಾಸವೂ ಒಳ್ಳೆಯದಲ್ಲ. ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಬಿಳಿಯ ಕಿಟ್ಟವೇ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಬಟ್ಟಿಯಿಳಿಸಿದ ನೀರಿನಲ್ಲಿ ಬೆರಸಿದ ಕೂಲೆಂಟನ್ನೇ ಉಪಯೋಗಿಸತಕ್ಕದ್ದು.

ಸಂದೇಹ ಫ್ಯಾನಿನ ಮೇಲೆ ನಿಂತರೆ ಇಂಜಿನನ್ನು ಚಾಲೂ ಮಾಡಿ ಏಸಿಯನ್ನು ಹಾಕಿ ನೋಡಬಹುದು. ಬಹಳ ಕಾರುಗಳಲ್ಲಿ ಆಗ ಫ್ಯಾನು ತಿರುಗಲೇಬೇಕು. ಏಸಿಗೆ ತಿರುಗಿ ಕಾವಿಗೆ ತಿರುಗದಿದ್ದರೆ ಮೋಟಾರು ನೆಟ್ಟಗಿದೆ, ಕಾವಿನ ವರದಿ ಕೊಡಬೇಕಾದ ಸೆನ್ಸರು ಅಥವಾ ಅದರ ತಂತಿ ಕೆಟ್ಟಿದೆ ಎಂದು ಊಹಿಸಬಹುದು. ಎರಡು ಫ್ಯಾನುಗಳಿರುವ ಬಂಡಿಯಲ್ಲಿ ಮಾತ್ರ ಈ ಊಹೆಯನ್ನು ಪೂರ್ತಿ ನಂಬಬಾರದು. ಯಾವುದಕ್ಕೂ ತಿರುಗದಿದ್ದರೆ ಮೊದಲು ಫ್ಯೂಸನ್ನು ನೋಡಿ, ಅನಂತರ ರಿಲೇಯ ಜಾಗದಲ್ಲಿ ಅದೇ ನಮೂನೆಯ ಮತ್ತೊಂದನ್ನು ಇಟ್ಟು ನೋಡಿ, ಕೊನೆಗೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತನ್ನು ಕೊಡಿಸಬೇಕು. ಮೆಲ್ಲನೆ ತಟ್ಟಿದರೆ ತಿರುಗಿ, ಮತ್ತೆ ನಿಲ್ಲುವ ಮೋಟಾರಿನ ಬ್ರಷ್ಷುಗಳು ಸವೆದಿರುತ್ತವೆ. ತಂತಿ ಅದಲುಬದಲಾಗಿ ಜೋಡಿಸಿದ್ದರಿಂದ ಫ್ಯಾನು ತಿರುಗುತ್ತಲೇ ಇದ್ದರೂ ಗಾಳಿಯನ್ನು ಹಿಮ್ಮುಖವಾಗಿ ತಳ್ಳುವುದುಂಟು. ರೇಡಿಯೇಟರಿನ ಮುಂದೆ ಹಿಡಿದ ಕಾಗದವು ಒಳಕ್ಕೆ ಸೆಳೆದುಕೊಳ್ಳದೆ ಹೊರಕ್ಕೆ ಹಾರಿದರೆ ಗುಟ್ಟು ರಟ್ಟಾಯಿತು. ಇಂಜಿನು ನಿಂತ ಮೇಲೂ ಫ್ಯಾನು ತಟಕ್ಕನೆ ಚಾಲೂ ಆಗಬಹುದಾದ್ದರಿಂದ ಬೆರಳುಗಳನ್ನು ದೂರವಿಡುವುದು ಜಾಣತನ.

ಇನ್ನು ಮುಳ್ಳಿನ ವಿಚಾರ. ರಾತ್ರಿಯೆಲ್ಲ ನಿಂತ ಬಂಡಿಯಲ್ಲಿ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಮುಳ್ಳು ನಡುವೆಯೋ ಮೇಲೆಯೋ ನಿಂತರೆ ಅದು ಸುಳ್ಳುಸಾಕ್ಷಿ. ಹಳೆಯ ಬಗೆಯ ಬಂಡಿಗಳಲ್ಲಿ ಪೆಟ್ರೋಲಿನ ಮುಳ್ಳೂ ಜೊತೆಜೊತೆಗೇ ಏರಿದರೆ, ಎರಡಕ್ಕೂ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ ಕೆಟ್ಟಿರುವುದು ಸಂಭವ. ಅನೇಕ ಕಾರುಗಳಲ್ಲಿ ಮುಳ್ಳಿಗೊಂದು, ಫ್ಯಾನಿಗೊಂದು ಎಂದು ಎರಡು ಸೆನ್ಸರುಗಳಿರುತ್ತವೆ; ಹೀಗಿರುವಾಗ ಮುಳ್ಳು ಕೆಂಪಿನಲ್ಲಿದ್ದೂ ಫ್ಯಾನು ಮೌನವಾಗಿದ್ದರೆ, ಇಬ್ಬರಲ್ಲಿ ಯಾರ ಮಾತು ದಿಟವೆಂಬುದನ್ನು ಮೂರನೆಯವನಿಂದ ತಿಳಿಯಬೇಕು. ಬಂಡಿಯ ಕಂಪ್ಯೂಟರಿಗೆ ಜೋಡಿಸಿ ಡಿಗ್ರಿಯನ್ನು ಅಂಕಿಯಲ್ಲಿ ಓದುವ ಸಣ್ಣ ಉಪಕರಣ ಇಂದು ಸುಲಭವಾಗಿ ಸಿಗುತ್ತದೆ. ಈಚಿನ ಎಷ್ಟೋ ಕಾರುಗಳ ಮುಳ್ಳು ನೀರು ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ನಡುವೆಯೇ ನಿಲ್ಲುವಂತೆ ಮಾಡಲ್ಪಟ್ಟಿದೆ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲದೆ ಕೇವಲ ಕೆಂಪು ದೀಪವಿದೆ. ಚಾಲಕನ ನೆಮ್ಮದಿಗಾಗಿ ಹೀಗೆ ಮಾಡಿದ್ದಾರಂತೆ. ಸುದ್ದಿಯನ್ನು ಬಚ್ಚಿಟ್ಟು ಕೊಟ್ಟ ನೆಮ್ಮದಿ ನನಗೆ ಹಿಡಿಸದು.

ಎಲ್ಲಕ್ಕಿಂತ ಅಪಾಯಕರವಾದುದು ಇಳಿಯುವ ಮುಳ್ಳು. ಕೊಳವೆಯೊಡೆದು ನೀರೆಲ್ಲ ಸೋರಿಹೋದಾಗ ಸೆನ್ಸರು ನೀರಿನಲ್ಲಿ ಮುಳುಗಿರುವುದಿಲ್ಲ. ಬರಿಯ ಗಾಳಿಯಲ್ಲಿಯೋ ಆವಿಯಲ್ಲಿಯೋ ನಿಂತು ಕಡಮೆ ಕಾವನ್ನು ತೋರಿಸಬಹುದು. ಏರಿದ್ದ ಮುಳ್ಳು ತಾನೇ ಇಳಿಯಿತೆಂದು ಹಿಗ್ಗಿ ಮುಂದುವರಿದ ಚಾಲಕನು ನಾಲ್ಕಾರು ಮೈಲಿಗಳಲ್ಲಿ ಇಂಜಿನಿನ ತಲೆಯ ಭಾಗವನ್ನು ಸೊಟ್ಟಗಾಗಿಸಿಬಿಡುತ್ತಾನೆ. ಕಾರಣವಿಲ್ಲದೆ ಇಳಿದ ಮುಳ್ಳನ್ನು ಏರಿದ ಮುಳ್ಳಿಗಿಂತ ಹೆಚ್ಚಾಗಿ ಶಂಕಿಸತಕ್ಕದ್ದು.

ಮುಳ್ಳು ಕೆಂಪಿಗೆ ಬಂದೊಡನೆ ಏಸಿಯನ್ನು ಆರಿಸಿ, ಹೀಟರನ್ನು ಪೂರ್ತಿ ತೆರೆದು, ಬೇಗನೆ ದಾರಿಯ ಪಕ್ಕಕ್ಕೆ ಬಂದು ಇಂಜಿನನ್ನು ನಿಲ್ಲಿಸಬೇಕು. ಬಿಸಿಲಿನಲ್ಲಿ ಹೀಟರು ಹಿಂಸೆಯೇ. ಆದರೆ ಅದೂ ಒಂದು ಕಿರಿಯ ರೇಡಿಯೇಟರು. ಮುಚ್ಚಳವನ್ನು ಮಾತ್ರ ಮುಟ್ಟಬಾರದು. ಒತ್ತಡ ಬಿಟ್ಟ ಕ್ಷಣವೇ ನೂರು ಡಿಗ್ರಿ ಮೀರಿದ ನೀರು ಒಮ್ಮೆಗೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಮೇಲಿನ ಕೊಳವೆಯು ಕೈಗೆ ಬಿಸಿ ತಾಗದಷ್ಟು ತಣಿಯುವವರೆಗೆ ಕಾಯುವುದೇ ಸರಿ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಲೋಹ ಸೀಳುವ ಭಯವುಂಟು. ಕೂಲೆಂಟು ತುಂಬಿದ ಮಾರನೆಯ ಬೆಳಿಗ್ಗೆ ಮಟ್ಟವನ್ನು ಮತ್ತೆ ನೋಡಬೇಕು: ಇಳಿದಿದ್ದು ಕೆಳಗೆ ತೇವವಿದ್ದರೆ ಕೊಳವೆಗಳನ್ನೂ ಪಂಪನ್ನೂ ಪರೀಕ್ಷಿಸಿರಿ, ತೇವವಿಲ್ಲದೆ, ಹೊಗೆ ಬೆಳ್ಳಗಾಗಿಯೋ ಎಣ್ಣೆ ಹಾಲಿನಂತಾಗಿಯೋ ಇದ್ದರೆ ನೀರು ಹೆಡ್ ಗ್ಯಾಸ್ಕೆಟ್ಟಿನ ಮೂಲಕ ಇಂಜಿನಿನೊಳಕ್ಕೇ ಇಳಿಯುತ್ತಿರಬಹುದು. ಅಂಥ ಬಂಡಿಯನ್ನು ಚಾಲೂ ಮಾಡದೆ ಯಂತ್ರಶಾಲೆಗೆ ಎಳೆಯಿಸಿಕೊಂಡು ಹೋಗಬೇಕು.