ಹಳೆಯ ಟ್ರಕ್ಕಿನ ವಿದ್ಯುದ್ದೋಷಗಳು

ಮೋಟಾರು ವಾಹನದ ದೀಪ ಮಂಕಾದರೆ ಯಜಮಾನರು ಮೊದಲು ದೂರುವುದು ಬ್ಯಾಟರಿಯನ್ನು. ಹೊಸ ಬ್ಯಾಟರಿ ಬರುತ್ತದೆ. ದೀಪ ಮಂಕಾಗಿಯೇ ಇರುತ್ತದೆ. ಆಮೇಲೆ ಬಲ್ಬು, ಅದಾದ ಮೇಲೆ ಡೈನಮೋ. ಹಣ ಹೋಗುತ್ತದೆ, ದೋಷ ಹೋಗುವುದಿಲ್ಲ. ರೋಗವನ್ನು ಅರಿಯುವ ಮುನ್ನವೇ ಮದ್ದು ಕೊಡುವ ವೈದ್ಯನಂತೆ ನಾವು ನಡೆದುಕೊಳ್ಳುವುದೇ ಇದಕ್ಕೆ ಕಾರಣ. ದೋಷವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಈ ಭಾಷಣದಲ್ಲಿ ಶ್ರೋತೃಗಳ ಮುಂದಿಡಲು ಯತ್ನಿಸುತ್ತೇವೆ.

ಉದಾಹರಣೆಗೆ ಅಮೆರಿಕದ ಫೋರ್ಡ್ ಎಫ್-100 ಎಂಬ ಪಿಕಪ್ ಟ್ರಕ್ಕನ್ನು ತೆಗೆದುಕೊಳ್ಳೋಣ. ಮುಂದೆ ಚಾಲಕನ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಇದು ಅದರ ರೂಪ. 1953ರಿಂದ 1955ರವರೆಗಿನ ಮಾದರಿಗಳಲ್ಲಿ ವಿದ್ಯುತ್ತಿನ ಒತ್ತಡ 6 ವೋಲ್ಟು ಮಾತ್ರ. 1956ರ ಮಾದರಿಯಲ್ಲಿ ಅದು 12 ವೋಲ್ಟಾಯಿತು. ಈ ಹಳೆಯ ಗಾಡಿಗಳನ್ನು ಹವ್ಯಾಸಿಗಳು ಇಂದಿಗೂ ಓಡಿಸುತ್ತಾರೆ.

ಬ್ಯಾಟರಿಗೂ ದೀಪಕ್ಕೂ ನಡುವೆ ಪ್ರವಾಹಕ್ಕೆ ಎರಡು ದಾರಿಗಳು ಬೇಕು. ಮನೆಯಲ್ಲಿ ಎರಡೂ ತಂತಿಗಳೇ. ಮೋಟಾರಿನಲ್ಲಾದರೋ ಒಂದು ದಾರಿ ತಂತಿ, ಇನ್ನೊಂದು ವಾಹನದ ಲೋಹದ ಮೈ. ಮೆಕ್ಯಾನಿಕ್ಕುಗಳು ಇದನ್ನು ‘ಅರ್ತ್’ ಎನ್ನುತ್ತಾರೆ. ಕಣ್ಣಿಗೆ ಕಾಣುವ ತಂತಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಮೈಯೂ ಒಂದು ದಾರಿಯೆಂಬುದು ಮರೆತುಹೋಗುತ್ತದೆ. ತೊಟ್ಟಿಯನ್ನು ಚಾಸಿಗೆ ಬಿಗಿದ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ, ಅದನ್ನು ಮೈಗೆ ಕೂಡಿಸುವ ಲೋಹದ ಪಟ್ಟಿ ಸಡಿಲವಾದರೆ ದಾರಿಯೇ ಕೆಡುತ್ತದೆ. ಬ್ರೇಕನ್ನು ಒತ್ತಿದಾಗ ಹಿಂದಿನ ದೀಪ ಪ್ರಜ್ವಲಿಸುವ ಬದಲು ಮಂಕಾದರೆ, ಪ್ರವಾಹವು ತನ್ನ ದಾರಿ ಕಾಣದೆ ಬೇರೊಂದು ದೀಪದ ಮೂಲಕ ನುಸುಳುತ್ತಿದೆಯೆಂದು ಶಂಕಿಸಬೇಕು.

ಒತ್ತಡ ಅಲ್ಪವಾದಷ್ಟೂ ಇಂತಹ ಅಡ್ಡಿ ದುಬಾರಿಯಾಗುತ್ತದೆ. ಸ್ಟಾರ್ಟರು 200 ಆಂಪಿಯರ್ ಎಳೆಯುವಾಗ, ದಾರಿಯಲ್ಲಿ ಒಂದು ಓಮಿನ ಇನ್ನೂರನೆಯ ಒಂದು ಪಾಲು ಪ್ರತಿರೋಧವಿದ್ದರೂ 1 ವೋಲ್ಟು ಅಲ್ಲಿಯೇ ವ್ಯಯವಾಗುತ್ತದೆ. ಹನ್ನೆರಡರಲ್ಲಿ ಒಂದು ಹೋದರೆ ಸಹಿಸಬಹುದು. ಆರರಲ್ಲಿ ಒಂದು ಹೋದರೆ ಎಂಜಿನ್ನು ತೂಕಡಿಸುತ್ತ ತಿರುಗುತ್ತದೆ. ದೀಪಕ್ಕೆ ಬರುವ ಒತ್ತಡದಲ್ಲಿ ಅಷ್ಟೇ ಪಾಲು ತಗ್ಗಿದರೆ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕತ್ತಲೆಯ ರಸ್ತೆಯಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. 12 ವೋಲ್ಟಿನ ಗಾಡಿಗೆ ತಕ್ಕ ತೆಳು ಕೇಬಲನ್ನು ಇದಕ್ಕೆ ಹಾಕಬಾರದೆಂಬುದೂ ಇದರಿಂದಲೇ ಸ್ಪಷ್ಟ.

ಇನ್ನು ಪರೀಕ್ಷೆ. ದೀಪವನ್ನು ಹೊತ್ತಿಸಿ, ವೋಲ್ಟ್ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ತ್ ಧ್ರುವಕ್ಕೂ, ಇನ್ನೊಂದನ್ನು ದೀಪದ ಕವಚದಲ್ಲಿ ಬಣ್ಣವಿಲ್ಲದ ಲೋಹಕ್ಕೂ ಹಿಡಿಯಿರಿ. ದೀಪ ಉರಿಯುತ್ತಿರಲೇಬೇಕು, ಪ್ರವಾಹವಿಲ್ಲದಾಗ ಕೆಟ್ಟ ಜೋಡಣೆಯೂ ಒಳ್ಳೆಯದರಂತೆಯೇ ತೋರುತ್ತದೆ. ದಾರಿ ಸರಿಯಿದ್ದರೆ ಮುಳ್ಳು ಸೊನ್ನೆಯ ಬಳಿ ನಿಲ್ಲುತ್ತದೆ. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿದರೆ, ಎರಡನೆಯ ಮೊನೆಯನ್ನು ದೀಪದಿಂದ ತೊಟ್ಟಿಗೆ, ತೊಟ್ಟಿಯಿಂದ ಚಾಸಿಗೆ, ಹೀಗೆ ಬ್ಯಾಟರಿಯ ಕಡೆಗೆ ಸರಿಸುತ್ತ ಬನ್ನಿ. ಯಾವ ಎರಡು ಸ್ಥಳಗಳ ನಡುವೆ ಮುಳ್ಳು ಥಟ್ಟನೆ ಇಳಿಯುವುದೋ ಅಲ್ಲಿದೆ ದೋಷ. ಆ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂಡಿಸಿದರೆ ಸಾಕು. ಮೀಟರು ತೋರಿಸದ ದೋಷಕ್ಕಾಗಿ ಯಾವ ಭಾಗವನ್ನೂ ಕೊಳ್ಳಬೇಡಿ.

ಎರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇವೆ. ಅಳತೆ ಮುಗಿದು ರಿಪೇರಿಗೆ ಕೈಹಾಕುವ ಮುನ್ನ ಬ್ಯಾಟರಿಯ ಅರ್ತ್ ಕೇಬಲನ್ನು ಬಿಚ್ಚತಕ್ಕದ್ದು. ಈ 6 ವೋಲ್ಟಿನ ಫೋರ್ಡಿನಲ್ಲಿ ಮೈಗೆ ಕೂಡಿರುವುದು ಧನ ಧ್ರುವ. ಇಂದಿನ ವಾಹನಗಳಲ್ಲಿ ಋಣ ಧ್ರುವ. ಅಭ್ಯಾಸಬಲದಿಂದ ಬ್ಯಾಟರಿಯನ್ನು ತಿರುವುಮುರುವಾಗಿ ಕೂಡಿಸಬಾರದು. ಎರಡನೆಯದಾಗಿ, ಫ್ಯೂಸು ಪದೇಪದೇ ಸುಟ್ಟರೆ ದೊಡ್ಡ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಅಲ್ಲಿ ಸಿಕ್ಕಿಸಲಾಗದು. ಹೊದಿಕೆ ಸವೆದ ತಂತಿಯೊಂದು ಎಲ್ಲಿಯೋ ಲೋಹಕ್ಕೆ ತಗುಲುತ್ತಿರಬಹುದೆಂದು ಫ್ಯೂಸು ನಮಗೆ ತಿಳಿಸುತ್ತಿದೆ. ಅದರ ಬಾಯಿ ಮುಚ್ಚಿಸಿದರೆ, ಫ್ಯೂಸಿನ ಬದಲು ಗಾಡಿಯೇ ಉರಿದೀತು.