ಹಿರಿಯರಿಗೆ ಉಚಿತ ಬಸ್ ಪ್ರಯಾಣ: ಖರ್ಚು ಯಾರದು, ಮುಂದೇನು?



ಪಶುವೈದ್ಯರಿಗೂ ಬಸ್ ಟಿಕೆಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ಸಂಘಗಳಿಗೆ ಹೋದಾಗ ಹಸುವಿನ ವಿಷಯ ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಅಮ್ಮನಿಗೆ ಬಸ್ಸು ಪುಕ್ಕಟೆ, ಅಪ್ಪನಿಗೆ ಯಾಕಿಲ್ಲ ಸಾರ್?" ನ್ಯಾಯವಾದ ಪ್ರಶ್ನೆ. ಇಂದು ಅನೇಕ ಮನೆಗಳಲ್ಲಿ ಮಕ್ಕಳು ಕಾರ್ಖಾನೆ, ಕಚೇರಿಗಳಿಗೆ ಹೋಗುತ್ತಾರೆ. ಹಸು ನೋಡಿಕೊಂಡು ಡೇರಿಗೆ ಹಾಲು ಹಾಕುವವರು ಅರವತ್ತು ದಾಟಿದ ಹಿರಿಯರೇ. ಅವರಿಗೆ ಸರ್ಕಾರಿ ನೌಕರರಂತೆ ನಿವೃತ್ತಿ ವೇತನವಿಲ್ಲ. ರಾಜಾಜಿನಗರದ ಆಸ್ಪತ್ರೆಗೋ, ವಿಜಯನಗರದ ಮಗಳ ಮನೆಗೋ, ಬ್ಯಾಂಕಿಗೋ ಹೋಗಲು ಬಸ್ಸೇ ಗತಿ. ಆದ್ದರಿಂದ ಈ ವಿಷಯದ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ತಿಳಿಯುವುದು ಒಳ್ಳೆಯದು.

ಈಗ ಇರುವ ಸೌಲಭ್ಯ

2023ರ ಜೂನ್ 11ರಂದು ರಾಜ್ಯ ಸರ್ಕಾರ 'ಶಕ್ತಿ' ಯೋಜನೆಯನ್ನು ಆರಂಭಿಸಿತು. ರಾಜ್ಯದ ಎಲ್ಲ ವಯಸ್ಸಿನ ಮಹಿಳೆಯರಿಗೆ ಹಾಗೂ ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳಿಗೆ, ಮೆಟ್ರೊ ರೈಲಿಗೆ ಇದು ಅನ್ವಯವಾಗುವುದಿಲ್ಲ. ವಯಸ್ಸಾದ ಪುರುಷರಿಗೆ ಈ ಯೋಜನೆಯಲ್ಲಿ ಸ್ಥಾನವಿಲ್ಲ. ಅವರಿಗೆ ಇರುವುದು ಹಿಂದಿನಿಂದ ಬಂದ ಹಿರಿಯ ನಾಗರಿಕರ ರಿಯಾಯಿತಿ ಮಾತ್ರ. ಅಂದರೆ ಅರವತ್ತು ತುಂಬಿದವರಿಗೆ ಟಿಕೆಟ್ ದರದಲ್ಲಿ ಶೇ. 25ರಷ್ಟು ಕಡಿತ.

2025ರ ಜನವರಿ 5ರಿಂದ ರಾಜ್ಯದ ಬಸ್ ದರ ಶೇ. 15ರಷ್ಟು ಏರಿತು. ಬೆಂಗಳೂರು ನಗರ ಸಾರಿಗೆಯ ಸಾಮಾನ್ಯ ಮಾಸಿಕ ಪಾಸ್ 1,050 ರೂಪಾಯಿಯಿಂದ 1,200 ರೂಪಾಯಿ ಆಯಿತು. ಹಿರಿಯರಿಗೆ ಪಾಸಿನಲ್ಲಿ ಸ್ವಲ್ಪ ಕಡಿತವಿದೆ, ನಿಜ. ಆದರೆ 65 ದಾಟಿದ ಬಡ ವೃದ್ಧರಿಗೆ 'ಸಂಧ್ಯಾ ಸುರಕ್ಷಾ' ಯೋಜನೆಯಲ್ಲಿ 2021ರಲ್ಲಿ ನಿಗದಿಯಾದ ತಿಂಗಳ ಪಿಂಚಣಿಯೂ 1,200 ರೂಪಾಯಿಯೇ. ಬಸ್ ಖರ್ಚು ವೃದ್ಧರ ಕೈಗೆ ಎಷ್ಟು ಭಾರ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

'ಉಚಿತ' ಎಂದರೆ ಯಾರೋ ಕೊಡುತ್ತಾರೆ ಎಂದರ್ಥ

ನಮ್ಮ ಹಾಲಿನ ಪ್ರೋತ್ಸಾಹಧನವನ್ನೇ ನೆನಪಿಸಿಕೊಳ್ಳಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದದ್ದು 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಈ ಹಣ ಗ್ರಾಹಕರಿಂದ ಬರುವುದಿಲ್ಲ, ಒಕ್ಕೂಟದ ಲಾಭದಿಂದಲೂ ಬರುವುದಿಲ್ಲ. ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಬಟವಾಡೆಯ ಹಣ ಸಮಯಕ್ಕೆ ಬಂದು ಪ್ರೋತ್ಸಾಹಧನ ಮಾತ್ರ ತಡವಾದಾಗ ನಾವು ಪಡುವ ಕಷ್ಟ ನಮಗೇ ಗೊತ್ತು.

ಬಸ್ಸಿನಲ್ಲಿಯೂ ಹೀಗೆಯೇ. ಮಹಿಳೆಗೆ ನಿರ್ವಾಹಕರು ಕೊಡುವ ಶೂನ್ಯ ಟಿಕೆಟ್ಟಿಗೆ ಒಂದು ಬೆಲೆ ಇದೆ. ಅದನ್ನು ಲೆಕ್ಕ ಹಾಕಿ ಸಾರಿಗೆ ನಿಗಮಗಳು ಸರ್ಕಾರದಿಂದ ಮರುಪಾವತಿ ಕೇಳುತ್ತವೆ. ಶಕ್ತಿ ಯೋಜನೆಗೆ 2024-25ರ ಆಯವ್ಯಯದಲ್ಲಿ 5,015 ಕೋಟಿ, 2025-26ರಲ್ಲಿ 5,300 ಕೋಟಿ ರೂಪಾಯಿ ಇಡಲಾಯಿತು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಟಿಕೆಟ್ಟಿನ ಸರಾಸರಿ ಬೆಲೆ ಸುಮಾರು 25 ರೂಪಾಯಿ ಬೀಳುತ್ತದೆ.

ಮರುಪಾವತಿ ಪೂರ್ತಿ ಬಾರದಿದ್ದರೆ ಅಥವಾ ತಡವಾದರೆ ನಿಗಮ ಡೀಸೆಲ್ ಬಾಕಿ ಉಳಿಸಿಕೊಳ್ಳುತ್ತದೆ, ನೌಕರರ ಭವಿಷ್ಯನಿಧಿ ಕಟ್ಟುವುದು ತಡವಾಗುತ್ತದೆ, ಹೊಸ ಬಸ್ ಕೊಳ್ಳುವುದು ಮುಂದಕ್ಕೆ ಹೋಗುತ್ತದೆ. 2025ರ ಜನವರಿಯಲ್ಲಿ ಇಂಥ ಬಾಕಿ ತೀರಿಸಲು ನಾಲ್ಕು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. ವೇತನ ಬಾಕಿಗಾಗಿ ಅದೇ ವರ್ಷ ಆಗಸ್ಟ್ 5ರಂದು ನೌಕರರು ಮುಷ್ಕರ ಹೂಡಿದರು. ಇದಕ್ಕೆಲ್ಲ ಉಚಿತ ಪ್ರಯಾಣವೊಂದೇ ಕಾರಣವಲ್ಲ. ಡೀಸೆಲ್ ಬೆಲೆ, ಹಳೆಯ ಸಾಲ, ವರ್ಷಗಟ್ಟಲೆ ಏರದ ದರ ಇವೂ ಕಾರಣಗಳು.

ಹಿರಿಯ ಪುರುಷರಿಗೂ ಕೊಟ್ಟರೆ ಎಷ್ಟು?

ಒಂದು ಉದಾಹರಣೆ ಲೆಕ್ಕ ಮಾಡೋಣ. ಒಂದು ಲಕ್ಷ ಹಿರಿಯರು ತಿಂಗಳಿಗೆ ತಲಾ 20 ಸಲ ಪ್ರಯಾಣ ಮಾಡಿದರು, ಒಂದು ಪ್ರಯಾಣದ ಪೂರ್ತಿ ದರ 25 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 5 ಕೋಟಿ, ವರ್ಷಕ್ಕೆ 60 ಕೋಟಿ ರೂಪಾಯಿ ಆಗುತ್ತದೆ. ಕಾಲು ಭಾಗವನ್ನು ಈಗಾಗಲೇ ಬಿಟ್ಟಿರುವುದರಿಂದ ಹೊಸದಾಗಿ ಕೈಬಿಡುವ ಹಣ 45 ಕೋಟಿ. ಇದು ಒಂದು ಲಕ್ಷ ಜನರ ಲೆಕ್ಕ. ಜನ ಹೆಚ್ಚಿದಂತೆ ಲೆಕ್ಕವೂ ಹೆಚ್ಚುತ್ತದೆ. ಉಚಿತವಾದರೆ ಪ್ರಯಾಣಗಳೂ ಹೆಚ್ಚುತ್ತವೆ.

ಆದರೆ ಟಿಕೆಟ್ಟಿನ ಬೆಲೆಯೇ ಬಸ್ಸಿನ ನಿಜವಾದ ಖರ್ಚಲ್ಲ. ಹಾಲಿನ ವಾಹನ ಹೇಗಿದ್ದರೂ ತನ್ನ ಮಾರ್ಗದಲ್ಲಿ ಹೋಗಲೇಬೇಕು. ಜಾಗವಿದ್ದರೆ ಎರಡು ಕ್ಯಾನ್ ಹೆಚ್ಚಿಗೆ ಏರಿಸಿದರೆ ಡೀಸೆಲ್ ಖರ್ಚು ಅಷ್ಟಾಗಿ ಏರುವುದಿಲ್ಲ. ವಾಹನ ತುಂಬಿದ ಮೇಲೆ ಇನ್ನೊಂದು ವಾಹನ ಬೇಕಾದಾಗಲೇ ದೊಡ್ಡ ಖರ್ಚು. ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಸೀಟಿನಲ್ಲಿ ಕುಳಿತ ತಾತನಿಂದ ನಿಗಮಕ್ಕೆ ಬೀಳುವ ಹೊರೆ ಕಡಿಮೆ. ಬೆಳಿಗ್ಗೆ ಎಂಟೂವರೆಗೆ ಮೈಸೂರು ರಸ್ತೆಯ ತುಂಬಿದ ಬಸ್ಸಿನಲ್ಲಿ ಅದೇ ಪ್ರಯಾಣಕ್ಕೆ ಹೆಚ್ಚುವರಿ ಬಸ್ಸೇ ಬೇಕಾದೀತು.

ಬೇರೆ ಕಡೆ ಏನು ಮಾಡಿದ್ದಾರೆ?

ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ರಾಜ್ಯ ಸಾರಿಗೆ ಬಸ್ಸು ಉಚಿತವಾಯಿತು. 65ರಿಂದ 75ರವರೆಗಿನವರಿಗೆ ಅರ್ಧ ದರ. ಚೆನ್ನೈ ನಗರದಲ್ಲಿ ಅರವತ್ತು ದಾಟಿದವರಿಗೆ ತಿಂಗಳಿಗೆ ಹತ್ತು ಉಚಿತ ಟೋಕನ್ ಕೊಡುವ ಕ್ರಮ 2016ರಲ್ಲಿ ಬಂತು. ನಮ್ಮ ಉದಾಹರಣೆಗೆ ಈ ಹತ್ತರ ಮಿತಿ ಹಾಕಿದರೆ 45 ಕೋಟಿ ಇದ್ದದ್ದು ಇಪ್ಪತ್ತೆರಡೂವರೆ ಕೋಟಿಗೆ ಇಳಿಯುತ್ತದೆ.

ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್‌ನಿಂದ ಅರವತ್ತು ದಾಟಿದವರಿಗೆ ದೇಶದ ಎಲ್ಲ ಸ್ಥಳೀಯ ಬಸ್ಸುಗಳೂ ಉಚಿತವಾದವು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ನಂತರ ಈ ಪಾಸ್ ನಡೆಯುತ್ತದೆ. ಅಂದರೆ ಕೆಲಸಕ್ಕೆ ಹೋಗುವವರ ದಟ್ಟಣೆ ಇಳಿದ ಮೇಲೆ. ಖರ್ಚು ಬೆಳೆದಂತೆ 2010ರಿಂದ ಅರ್ಹತೆಯ ವಯಸ್ಸನ್ನು ಪಿಂಚಣಿ ವಯಸ್ಸಿನ ಜೊತೆಗೆ ಹಂತ ಹಂತವಾಗಿ ಏರಿಸಿ 2020ರ ವೇಳೆಗೆ 66ಕ್ಕೆ ತಂದರು. ಸೌಲಭ್ಯ ಉಳಿಯಿತು, ಆದರೆ ಫಲಾನುಭವಿಗಳ ವಯಸ್ಸು ಮೇಲೇರಿತು.

ನಮ್ಮ ರೈಲ್ವೆಯ ಕಥೆ ಬೇರೆ. ಅಲ್ಲಿ ಹಿರಿಯ ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50 ರಿಯಾಯಿತಿ ಇತ್ತು. 2020ರ ಮಾರ್ಚ್ 20ರಂದು ಕೋವಿಡ್ ಕಾರಣ ಕೊಟ್ಟು ನಿಲ್ಲಿಸಿದರು. ಕೋವಿಡ್ ಹೋದ ಮೇಲೂ ಅದು ಹಿಂದಿರುಗಲಿಲ್ಲ. ಸಂಸ್ಥೆ ತನ್ನ ಆದಾಯದಿಂದ ಬಿಟ್ಟುಕೊಡುವ ಸೌಲಭ್ಯ ಕಷ್ಟಕಾಲದಲ್ಲಿ ಮೊದಲು ಕಡಿತವಾಗುತ್ತದೆ ಎಂಬುದೇ ಇದರ ಪಾಠ.

ಮುಂದಿನ ದಿನಗಳು

2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ. 2031ಕ್ಕೆ ಇದು ನೂರಕ್ಕೆ 15 ಆಗುವ ಅಂದಾಜಿದೆ. ಇಂದು ಚಿಕ್ಕದಾಗಿ ಕಾಣುವ ಖರ್ಚು ಹತ್ತು ವರ್ಷದಲ್ಲಿ ಚಿಕ್ಕದಾಗಿ ಉಳಿಯುವುದಿಲ್ಲ. ಹೋರಿ ಕರುವಿಗೂ ಹೆಣ್ಣು ಕರುವಿಗೂ ಮೇವು ಬೇಕು, ಆದರೆ ಮೇವಿನ ಬಣವೆ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳುವವನೇ ಜಾಣ ರೈತ.

ಹಾಗೆಂದು ಹಿರಿಯರ ಪ್ರಯಾಣವನ್ನು ಬರೀ ನಷ್ಟವೆಂದು ಬರೆಯುವುದೂ ತಪ್ಪು ಲೆಕ್ಕ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ತಿಂಗಳ ತಪಾಸಣೆಗೆ ಹೋಗುವುದು ಬಸ್ ದರದ ಕಾರಣಕ್ಕೆ ತಪ್ಪಿದರೆ ಮುಂದೆ ಆಸ್ಪತ್ರೆ ಖರ್ಚು ಹೆಚ್ಚಾಗಬಹುದು. ಕೆಚ್ಚಲು ಬಾವನ್ನು ಮೊದಲ ದಿನವೇ ತೋರಿಸುವುದಕ್ಕೂ ಮೊಲೆ ಕೆಟ್ಟ ಮೇಲೆ ತೋರಿಸುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ.

ಎಲ್ಲವನ್ನೂ ಒಟ್ಟಿಗೆ ನೋಡಿದರೆ ನಡೆಯಬಲ್ಲ ದಾರಿ ಹೀಗಿದೆ: ಮೊದಲು 75 ದಾಟಿದ ಪುರುಷರಿಗೆ ಉಚಿತ, ಅದಕ್ಕಿಂತ ಕಿರಿಯರಿಗೆ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅರ್ಧ ದರ. ಇದರ ಹಣ ನಿಗಮದ ತಲೆಗೆ ಬೀಳದೆ ಆಯವ್ಯಯದಲ್ಲಿ ಪ್ರತ್ಯೇಕವಾಗಿರಬೇಕು, ಪ್ರತಿ ತಿಂಗಳೂ ಪಾವತಿಯಾಗಬೇಕು. ಬಸ್ಸೇ ಬಾರದ ಊರಿಗೆ ಉಚಿತ ಪಾಸ್ ಕೊಟ್ಟು ಪ್ರಯೋಜನವಿಲ್ಲ.

ಸದಸ್ಯರು ಈಗ ಮಾಡಬಹುದಾದದ್ದು

1. ಮನೆಯ ಹಿರಿಯರ ಆಧಾರ್ ಅಥವಾ ಮತದಾರರ ಚೀಟಿಯಲ್ಲಿ ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ತಪ್ಪಿದ್ದರೆ ತಿದ್ದಿಸಿ.

2. ಅರವತ್ತು ದಾಟಿದವರು ಟಿಕೆಟ್ ಕೊಳ್ಳುವ ಮೊದಲೇ ಗುರುತಿನ ಚೀಟಿ ತೋರಿಸಿ ರಿಯಾಯಿತಿ ಕೇಳಿ. ಟಿಕೆಟ್ ಹರಿದ ಮೇಲೆ ನಿರ್ವಾಹಕರಿಗೂ ಕಷ್ಟ.

3. ಅಮ್ಮಂದಿರು, ಅಜ್ಜಿಯರು ಶೂನ್ಯ ಟಿಕೆಟ್ಟನ್ನು ತಪ್ಪದೆ ಪಡೆದುಕೊಳ್ಳಿ. ಆ ಟಿಕೆಟ್ಟೇ ನಿಗಮದ ಮರುಪಾವತಿಗೆ ಆಧಾರ.

4. ಆಸ್ಪತ್ರೆ, ಬ್ಯಾಂಕ್ ಕೆಲಸವನ್ನು ಬೆಳಗಿನ ಹಾಲು ಹಾಕಿ, ದಟ್ಟಣೆ ಇಳಿದ ಮೇಲೆ ಇಟ್ಟುಕೊಳ್ಳಿ. ಕುಳಿತುಕೊಳ್ಳಲು ಸೀಟೂ ಸಿಗುತ್ತದೆ.

5. ನಿಮ್ಮ ಊರಿನ ಬಸ್ ವೇಳೆ, ಹಿರಿಯರ ರಿಯಾಯಿತಿ ಕುರಿತ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಬರಹದಲ್ಲಿ ದಾಖಲಿಸಿ, ಪ್ರತಿಯನ್ನು ಶಾಸಕರಿಗೂ ಸಾರಿಗೆ ಘಟಕಕ್ಕೂ ಕಳುಹಿಸಿ. ಒಬ್ಬರ ದೂರಿಗಿಂತ ಊರಿನ ಠರಾವಿಗೆ ಬೆಲೆ ಹೆಚ್ಚು. ಸಹಕಾರಿಗಳಾದ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.