ಹಳೆಯ ಪೋರ್ಶೆಯ ಎಸಿ ಕೀಳುವ ಮುನ್ನ

ಹ್ಯೂಸ್ಟನ್ನಿನಲ್ಲಿ ಹಳೆಯ ಪೋರ್ಶೆ 911 ಕೊಂಡವರಿಗೆ ಎಲ್ಲಕ್ಕಿಂತ ಮೊದಲು ಸಿಗುವ ಸಲಹೆ ಎಸಿಯ ಬಗ್ಗೆಯೇ. "ಕಿತ್ತು ಹಾಕಿ. ಹೇಗೂ ತಂಪು ಕೊಡುವುದಿಲ್ಲ, ಬರೀ ಭಾರ." ನನ್ನದು 1986ರ ಕರೇರಾ. ಗ್ಯಾರೇಜಿನವರೂ ಹಾಗೇ ಅಂದರು, ಭಾನುವಾರ ಬೆಳಿಗ್ಗೆ ಕಾಫಿಗೆ ಸೇರುವ ಕಾರು ಗೆಳೆಯರೂ ಹಾಗೇ ಅಂದರು. ನಾನು ಕೀಳಲಿಲ್ಲ. ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಎಂಜಿನಿಯರ್ ನಾನು. ತಂಪು ಕೊಡದ ಯಂತ್ರ ಕಂಡರೆ ಅದು ಯಾಕೆ ಕೊಡುತ್ತಿಲ್ಲ ಎಂದು ನೋಡುವುದೇ ನನ್ನ ಹೊಟ್ಟೆಪಾಡು.

ಯಾವ ಎಸಿಯೂ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಬಿಡುತ್ತದೆ. ಒಳಗಿನ ಇವಾಪರೇಟರ್‌ನಲ್ಲಿ ಅನಿಲ ಶಾಖ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತುತ್ತದೆ, ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಮಾಮೂಲಿ ಕಾರಿನಲ್ಲಿ ಇವೆಲ್ಲ ಮುಂಭಾಗದಲ್ಲೇ ಒತ್ತೊತ್ತಾಗಿ ಕೂತಿರುತ್ತವೆ. 911ರಲ್ಲಿ ಎಂಜಿನ್ ಹಿಂದೆ, ಅದರ ಜೊತೆ ಕಂಪ್ರೆಸರೂ ಹಿಂದೆ. ಇವಾಪರೇಟರ್ ಮುಂದೆ, ಡ್ಯಾಶ್‌ಬೋರ್ಡಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ. ಕಂಡೆನ್ಸರ್‌ಗಳು ಎರಡು: ಒಂದು ಮುಂದಿನ ಬಂಪರಿನ ಕೆಳಗೆ, ಇನ್ನೊಂದು ಎಂಜಿನ್ನಿನ ಮುಚ್ಚಳದ ಒಳಮೈಗೆ ಅಂಟಿಕೊಂಡಂತೆ. 4.29 ಮೀಟರ್ ಉದ್ದದ ಕಾರಿನಲ್ಲಿ ರಬ್ಬರ್ ಪೈಪುಗಳು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಓಡಬೇಕು.

ತೊಂದರೆಯೆಲ್ಲ ಶುರುವಾಗುವುದು ಇಲ್ಲೇ. ಆ ಕಾಲದ ರಬ್ಬರ್ ಪೈಪಿನ ಗೋಡೆಯ ಮೂಲಕವೇ ಅನಿಲ ತಿಂಗಳುಗಟ್ಟಲೆ ಮೆಲ್ಲಗೆ ಜಿನುಗುತ್ತದೆ. ಪೈಪು ಉದ್ದವಾದಷ್ಟೂ ಜಿನುಗು ಹೆಚ್ಚು. ಹಿಂದಿನ ಕಂಡೆನ್ಸರಿನದು ಇನ್ನೂ ಕಷ್ಟದ ಪಾಡು. ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಗಾಳಿ ಮತ್ತು ಆಯಿಲ್‌ನಿಂದಲೇ ತಂಪಾಗಬೇಕು. ಅದರ ದೊಡ್ಡ ಫ್ಯಾನ್ ಗಾಳಿ ಎಳೆದುಕೊಳ್ಳುವುದು ಆ ಕಂಡೆನ್ಸರ್ ಮೂಲಕವೇ. ಕಾರು ಓಡುತ್ತಿದ್ದಾಗ ಪರವಾಗಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನ್ ನಿಧಾನವಾಗುತ್ತದೆ, ಕೆಳಗೆ ಬಿಸಿ ಎಂಜಿನ್, ಮೇಲೆ ಟೆಕ್ಸಸ್ಸಿನ ಬಿಸಿಲು. ಕಂಡೆನ್ಸರ್ ತನ್ನ ಶಾಖವನ್ನು ಎಲ್ಲಿಗೆ ಬಿಡಬೇಕು?

ಇಷ್ಟಾದ ಮೇಲೆ ಅನಿಲದ ಕಥೆ. ಕಾರ್ಖಾನೆಯಿಂದ ಬಂದಾಗ ಇದರಲ್ಲಿದ್ದದ್ದು ಆರ್-12. ಕ್ಲೋರಿನ್ ಇರುವ ಇಂಥ ಅನಿಲಗಳು ಓಜೋನ್ ಪದರವನ್ನು ತಿನ್ನಬಲ್ಲವು ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಹೇಳಿದ್ದರು. 1987ರಲ್ಲಿ ಇವುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು, ಅಮೆರಿಕದಲ್ಲಿ 1995ರ ಕೊನೆಗೆ ಆರ್-12ರ ಉತ್ಪಾದನೆ ನಿಂತಿತು. ಆಮೇಲೆ ಹಳೆಯ ಕಾರುಗಳಿಗೆ ಆರ್-134ಎ ತುಂಬಿಸುವುದು ರೂಢಿಯಾಯಿತು. ಆದರೆ ಕಂಡೆನ್ಸರ್ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದರೆ ಆರ್-12ಕ್ಕೆ ಸುಮಾರು 15 ಬಾರ್ ಒತ್ತಡ ಸಾಕು, 134ಎಗೆ ಸುಮಾರು 17 ಬೇಕು. ಮೊದಲೇ ಏದುಸಿರು ಬಿಡುತ್ತಿದ್ದ ಕಂಡೆನ್ಸರಿಗೆ ಇನ್ನಷ್ಟು ಹೊರೆ. ಹಳೆಯ ಮಿನರಲ್ ಆಯಿಲ್ ಕೂಡ ಹೊಸ ಅನಿಲದೊಡನೆ ಬೆರೆಯುವುದಿಲ್ಲ. ಪೈಪು, ಕಂಡೆನ್ಸರ್, ಆಯಿಲ್ ಯಾವುದನ್ನೂ ಬದಲಿಸದೆ ಅನಿಲ ಮಾತ್ರ ತುಂಬಿಸಿದ ಕಾರುಗಳೇ ಈ ಎಸಿಗೆ ಕೆಟ್ಟ ಹೆಸರು ತಂದವು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಕಾರಿನಲ್ಲಿ ಮಾಡಿಸಿದ್ದು ದೊಡ್ಡ ಮಾಯೆಯೇನಲ್ಲ. ಒಳಪದರ ಇರುವ ಹೊಸ ಪೈಪು, ಸಣ್ಣ ಸಣ್ಣ ಚಪ್ಪಟೆ ಕೊಳವೆಗಳ ಹೊಸ ನಮೂನೆಯ ಕಂಡೆನ್ಸರ್‌ಗಳು, ಹಿಂದಿನ ಎಡಚಕ್ರದ ಗೂಡಿನೊಳಗೆ ಸ್ವಂತ ಫ್ಯಾನ್ ಇರುವ ಇನ್ನೊಂದು ಕಂಡೆನ್ಸರ್, ಹೊಸ ಡ್ರೈಯರ್, ಎಸ್ಟರ್ ಆಯಿಲ್. ಕೊನೆಗೆ ಗಂಟೆಗಟ್ಟಲೆ ವ್ಯಾಕ್ಯೂಮ್ ಎಳೆದು ತೇವವನ್ನೆಲ್ಲ ಹೊರತೆಗೆದ ಮೇಲೆ ಅನಿಲ. ಡ್ಯಾಶ್‌ಬೋರ್ಡಿನ ಕಿಂಡಿಗಳನ್ನು ದೊಡ್ಡದು ಮಾಡಿದ್ದೇ 1986ರ ಮಾಡೆಲಿನಲ್ಲಿ, ಅದೂ ಅನುಕೂಲಕ್ಕೆ ಬಂತು. ಆಗಸ್ಟ್ ಮಧ್ಯಾಹ್ನ ಹೆದ್ದಾರಿಯಲ್ಲಿ ಕಿಂಡಿಗೆ ಥರ್ಮಾಮೀಟರ್ ಇಟ್ಟರೆ 10 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಹೊಸ ಕಾರಿನಷ್ಟು ಇಲ್ಲ. ನನಗೆ ಅಷ್ಟು ಬೇಕಾಗಿಯೂ ಇಲ್ಲ.

ಭಾರದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಪೋರ್ಶೆಯೇ 1987ರ ಹೊತ್ತಿಗೆ ಕ್ಲಬ್ ಸ್ಪೋರ್ಟ್ ಎಂಬ ಮಾದರಿಯಲ್ಲಿ ಎಸಿ, ಹಿಂದಿನ ಸೀಟು ಎಲ್ಲ ತೆಗೆದು ಕಾರನ್ನು ಹಗುರ ಮಾಡಿತ್ತು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿ. ಆದರೆ ಅಮೆರಿಕಕ್ಕೆ ಬಂದ 1986ರ ಕರೇರಾದ ಎಂಜಿನ್ 207 ಅಶ್ವಶಕ್ತಿಯದು. ಕಂಪ್ರೆಸರ್ ಅದರಲ್ಲಿ ಒಂದಿಷ್ಟನ್ನು ತಿನ್ನುತ್ತದೆ, ನಿಜ. ಸ್ವಿಚ್ ಆಫ್ ಮಾಡಿದರೆ ಕ್ಲಚ್ ಬಿಡುತ್ತದೆ, ಪುಲ್ಲಿ ಮಾತ್ರ ಸುಮ್ಮನೆ ತಿರುಗುತ್ತಿರುತ್ತದೆ. ಊರೊಳಗಿನ ರಸ್ತೆಯಲ್ಲಿ ಆ ಭಾರ ಇಳಿಸಿ ಉಳಿಸುವ ಕ್ಷಣಕ್ಕೆ ನಾನು ಏನು ಮಾಡಲಿ? 1940ರ ಮಾದರಿಯ ಪ್ಯಾಕರ್ಡ್ ಕಾರ್ಖಾನೆಯಿಂದಲೇ ಎಸಿಯೊಂದಿಗೆ ಬಂದಾಗ ಅದರ ಕಂಪ್ರೆಸರಿಗೆ ಇಂಥ ಕ್ಲಚ್ ಇರಲಿಲ್ಲ. ಬೇಡವಾದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕಿತ್ತು. ಆ ಪರಿಸ್ಥಿತಿ ನಮ್ಮದಲ್ಲ.

ನನಗೆ ಮುಖ್ಯವಾದ ಮಾತು ಬೇರೆ ಇದೆ. ಹ್ಯೂಸ್ಟನ್ನಿನ ಬೇಸಿಗೆ ನಾನು ಹುಟ್ಟಿದ ಉಡುಪಿಯ ಮೇ ತಿಂಗಳ ಹಾಗೆ. ಬೆವರು ಒರೆಸಿದಷ್ಟೂ ಬರುತ್ತದೆ, ಆರುವುದಿಲ್ಲ. ಅದು ಮೇ ತಿಂಗಳಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಎಸಿ ಕಿತ್ತವರ ಕಾರುಗಳು ಅಷ್ಟೂ ತಿಂಗಳು ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗುತ್ತವೆ. ನಿಂತ ಕಾರು ಹಾಳಾಗುತ್ತದೆ. ಸೀಲುಗಳು ಒಣಗುತ್ತವೆ, ಪೆಟ್ರೋಲ್ ಹಳಸುತ್ತದೆ, ಬ್ಯಾಟರಿ ಸಾಯುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ. ನನ್ನ ಕಾರು ಜುಲೈಯಲ್ಲೂ ಆಫೀಸಿಗೆ ಹೋಗುತ್ತದೆ. ಮಳೆ ಸುರಿಯುವಾಗ ಒಳಗಿನ ತೇವ ಹೀರಿ ಮುಂಗಾಜಿನ ಮಂಜು ತೆಗೆಯುವುದೂ ಅದೇ ಎಸಿ, ಇದನ್ನು ಎಷ್ಟೋ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮ್ಮ ಊರಿನಿಂದ ಬಂದಾಗ, ರಿಪೇರಿಗೂ ಮೊದಲು, ಒಮ್ಮೆ ಇದರಲ್ಲಿ ಕೂರಿಸಿಕೊಂಡು ಹೋಗಿದ್ದೆ. "ಇಷ್ಟು ದುಡ್ಡು ಕೊಟ್ಟದ್ದಲ್ವಾ ಮಾರಾಯ್ತಿ, ಇದಕ್ಕೆ ಒಂದು ಎಸಿ ಇಲ್ವಾ?" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡರು. ಈಗ ದೇವಸ್ಥಾನಕ್ಕೆ ಹೋಗುವಾಗ ಅವರೇ ಈ ಕಾರು ತೆಗೆ ಅನ್ನುತ್ತಾರೆ.

ಎಲ್ಲ ಹಳೆಯ ಕಾರಿಗೂ ಎಸಿ ಇರಲಿ ಎಂದು ನಾನು ಹೇಳುತ್ತಿಲ್ಲ. ಅರವತ್ತರ ದಶಕದ, ಎಸಿ ಇಲ್ಲದೆಯೇ ಹುಟ್ಟಿದ ಪುಟ್ಟ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್ ಕೊರೆದು ಹೊಸದನ್ನು ತುರುಕುವುದು ನನಗೆ ಒಪ್ಪಿಗೆಯಿಲ್ಲ. ನೂರು ಅಶ್ವಶಕ್ತಿಯೂ ಇಲ್ಲದ ಎಂಜಿನ್ನಿಗೆ ಕಂಪ್ರೆಸರ್ ನಿಜಕ್ಕೂ ಹೊರೆಯೇ. ಕಾರ್ಖಾನೆಯವರೇ ಯೋಚಿಸಿ ಇಟ್ಟದ್ದನ್ನು ಉಳಿಸಿ ಅನ್ನುವುದಷ್ಟೇ ನನ್ನ ವಾದ.

ಆದರೂ ಕೀಳಲೇಬೇಕು ಅನ್ನುವವರಿಗೆ ಎರಡು ಮಾತು. ಪೈಪು ಬಿಚ್ಚಿ ಅನಿಲವನ್ನು ಗಾಳಿಗೆ ಬಿಡಬೇಡಿ. ಶತಮಾನದ ಲೆಕ್ಕದಲ್ಲಿ ಆರ್-12 ಇಂಗಾಲದ ಡೈಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಈ ಕಾರಿನಲ್ಲಿ ತುಂಬುವುದು ಒಂದು ಕಿಲೋಗಿಂತ ಹೆಚ್ಚು. ಅಂದರೆ ಹತ್ತು ಟನ್ ಡೈಆಕ್ಸೈಡನ್ನು ಒಂದು ಸ್ಪ್ಯಾನರಿನಲ್ಲಿ ಆಕಾಶಕ್ಕೆ ಬಿಟ್ಟ ಹಾಗೆ, ಓಜೋನಿನ ಪಾಪ ಬೇರೆ. ಇಲ್ಲಿ ಅದು ಕಾನೂನಿಗೂ ವಿರುದ್ಧ. ಪ್ರಮಾಣಪತ್ರ ಇರುವ ಮೆಕ್ಯಾನಿಕ್ ಯಂತ್ರ ಹಾಕಿ ಅದನ್ನು ಸಿಲಿಂಡರಿಗೆ ಎಳೆದುಕೊಳ್ಳುತ್ತಾನೆ, ಅವನ ಹತ್ತಿರ ಹೋಗಿ.

ಇನ್ನೊಂದು: ಕಿತ್ತ ಕಂಪ್ರೆಸರ್, ಬ್ರ್ಯಾಕೆಟ್, ಕಂಡೆನ್ಸರ್‌ಗಳನ್ನು ಗುಜರಿಗೆ ಹಾಕಬೇಡಿ. ಬಾಯಿಗಳಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಪೆಟ್ಟಿಗೆಗೆ ತುಂಬಿ, ಮೇಲೆ ಕಾರಿನ ನಂಬರ್ ಬರೆದಿಡಿ. ನಾಳೆ ಆ ಕಾರನ್ನು ಕೊಳ್ಳಲು ಬರುವವರು ಮೊದಲು ಕೇಳುವುದು ಆ ಪೆಟ್ಟಿಗೆಯನ್ನೇ.